ಹಲ್ಲೆಣಿಕೆ

ಡಂಡೀಯ ಪರ್ತ್ ರೋಡಿನಲ್ಲಿ, ಧರ್ಮದಂಗಡಿಯ ಹಿಂಗೋಣೆಯಲ್ಲಿ
ಸತ್ತವರ ಕೋಟುಗಳ ಜೇಬು ತಡಕುವುದು ನನ್ನ ಕೆಲಸ.
ಬಸ್ ಚೀಟಿ, ಪುದೀನದ ಮಾತ್ರೆ, ಒಮ್ಮೆ ಒಂದು ಹಾಲುಹಲ್ಲು.

ಎಲ್ಸ್‌ಪೆತ್ ಕ್ರೈಟನ್ ಬರುತ್ತಿದ್ದದ್ದು ಬುಧವಾರ.
ಹನ್ನೊಂದು ವರ್ಷ ನಮ್ಮದೇ ಸಂಸ್ಥೆಯ ಲೆಕ್ಕ ಬರೆದವಳು;
ನಿವೃತ್ತಳಾದ ಮೇಲೆ ಅದೇ ಲೆಕ್ಕವನ್ನು
ಮತ್ತೆ ಬರೆಯುತ್ತಿದ್ದಳು, ಈ ಸಲ ವಾಕ್ಯಗಳಲ್ಲಿ.
ಗುಂಡಿ ಕಿತ್ತ ಕಾರ್ಡಿಗನ್ನಿಗೆ ಚೌಕಾಸಿ ಮಾಡುತ್ತ ಕೇಳಿದ್ದಳು:
"ನಿಮ್ಮೂರಲ್ಲಿ ಬಾವಿಯನ್ನು ಎಷ್ಟು ಆಳ ತೋಡುತ್ತಾರೆ?"
ಅರವತ್ತಡಿ, ಎಂದೆ, ಅದೃಷ್ಟವಿದ್ದರೆ.
ರಸೀತಿಯ ಬೆನ್ನಿಗೆ ಬರೆದುಕೊಂಡಳು.

ದಾನದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ ನಮ್ಮಲ್ಲಿ.
ಇವಳು ಎಣಿಸಿದಳು.
ಹಲ್ಲಿರಲಿಲ್ಲ. ಎಮ್ಮೆಯೂ ಇರಲಿಲ್ಲ.
ಹಿಂಡಿಯ ಬಿಲ್ಲಿತ್ತು, ಮೂರು ಪ್ರತಿ, ಮೊಹರು ಸಮೇತ.

ಪುಸ್ತಕ ಬಂತು. ನಲವತ್ತು ಬಾವಿ, ನಲವತ್ತು ಫೋಟೊ,
ಎಲ್ಲದರಲ್ಲೂ ಅದೇ ರಾಟೆ, ಅದೇ ಬಿರುಕು ಬಿಟ್ಟ ಕಟ್ಟೆ,
ಅದೇ ಹುಡುಗಿ, ತಲೆವಸ್ತ್ರ ಮಾತ್ರ ಬೇರೆ ಬೇರೆ.
ಪುಟ ನೂರಾ ಹನ್ನೆರಡರಲ್ಲಿ ಅವಳ ಹೆಸರೂ ಇತ್ತು: ನಬ್ವಿರೆ.
ಎಲ್ಸ್‌ಪೆತ್ ಹೋಗಿ, ಹುಡುಕಿ, ಕೇಳಿ ಬಂದಿದ್ದಳು.
ಫೋಟೊಗೊಂದು ಬಿಸ್ಕತ್ತಿನ ಪೊಟ್ಟಣ ಕೊಡುತ್ತಿದ್ದರಂತೆ.
ಬಾವಿಯಲ್ಲಿ ನೀರಿತ್ತೇ ಎಂದರೆ ನಕ್ಕಳಂತೆ.

ದೊಡ್ಡವರು ಹುದ್ದೆ ಬಿಟ್ಟರು, ಪಿಂಚಣಿ ಬಿಡಲಿಲ್ಲ.
ನಮ್ಮ ಬಾಗಿಲಿಗೆ ಯಾರೋ ಮೊಟ್ಟೆ ಎಸೆದರು;
ಕಡಲಹಕ್ಕಿಗಳು ಅದನ್ನೂ ಬಿಡಲಿಲ್ಲ.

ಅಂಗಡಿಯ ಕಡೆಯ ಬುಧವಾರ. ಟೇ ನದಿಯಿಂದ ಮಂಜು ಎದ್ದು
ರೈಲು ಸೇತುವೆಯನ್ನು ಅರ್ಧಕ್ಕೇ ತಿಂದಿತ್ತು.
ಸೆಣಬಿನ ಗಿರಣಿಯಲ್ಲಿ ಚೀಲ ಹೊಲಿದು ಬೆನ್ನು ಬಾಗಿದ ನೆಟ್ಟಾ ಮಿಲ್ನ್
ಹಳೇ ಟೋಪಿಗಳ ನಡುವೆ ಅವಳನ್ನು ತಡೆದು ನಿಲ್ಲಿಸಿದಳು:
"ಇಪ್ಪತ್ತಾರು ವರ್ಷ, ವಾರಕ್ಕೊಂದು ಪೌಂಡು ಹಾಕಿದೀನಿ ಆ ಡಬ್ಬಿಗೆ.
ಹೇಳೇ ತಾಯಿ, ನನ್ನದು ಎಲ್ಲಿಗೆ ಹೋಯಿತು?"

ಲೆಕ್ಕದವಳು ಬಾಯಿ ತೆರೆದಳು.
ಅಂಕಿ ಬರಲಿಲ್ಲ.
ಇಬ್ಬರೂ ನನ್ನತ್ತ ನೋಡಿದರು, ನನಗೇನೋ ಗೊತ್ತಿರುವಂತೆ.

ಡಬ್ಬಿಯ ಸೀಲು ಕಿತ್ತೆ. ಏಳು ಪೌಂಡು, ಚಿಲ್ಲರೆ, ಒಂದು ಗುಂಡಿ.
ನೆಟ್ಟಾ ದುಡ್ಡು ಮುಟ್ಟಲಿಲ್ಲ.
ಗುಂಡಿ ತೆಗೆದು ಎಲ್ಸ್‌ಪೆತ್‌ಳ ಕಾರ್ಡಿಗನ್ನಿಗೆ ಒಡ್ಡಿ ನೋಡಿದಳು.
ಹೊಂದಲಿಲ್ಲ. ಆದರೂ
ಸೂಜಿ ಇದೆಯೇನೇ, ಎಂದಳು.