ನಾಕು ಮಡಿಕಿ

ದುರ್ಗದ ಬೈಲಿನ್ಯಾಗ, ಬಳಿ ಅಂಗಡಿ ಮಗ್ಗಲಕ
ಮೂರು ಹೆಜ್ಜಿ ಅಗಲದ ಅಂಗಡಿ. ನಂದಲ್ಲ,
ನಾ ಬರೇ ಮಾರಾಕಿ.
ಬಾಗಲದಾಗ ಒಬ್ಬಾಕಿ ನಿಂತಿರ್ತಾಳ,
ತಲಿ ಇಲ್ಲ, ಕೈ ಇಲ್ಲ, ಸೊಂಟದ ಕೆಳಗ ಕಬ್ಬಣದ ಸಳಿ,
ಇರೂದೆಲ್ಲಾ ನಡುವಿಂದಷ್ಟ.
ದಿನಾ ಮುಂಜಾನೆ ಆಕಿ ಧೂಳ ಒರಸ್ತೀನಿ,
ಒರಸೂವಾಗ ನನ್ನ ವೇಲ್ ಸರಿ ಮಾಡ್ಕೋತೀನಿ.
ಯಾಕಂತ ಕೇಳಬ್ಯಾಡ್ರಿ.

ಇಲ್ಲಿಗೆ ಬಂದವರ ದನಿ ತಾನ ಇಳಿತೈತಿ.
ಬದನಿಕಾಯಿ ಚೌಕಾಸಿಗೆ
ಗಲ್ಲಿ ನಡುಗಸೂ ಬಾಯಿ
ಕೌಂಟರ್ ಮ್ಯಾಲ ಬಗ್ಗಿ ನಂಬರ್ ಉಸರತಾವು,
ಜಾತಕದ ದೋಷ ಹೇಳಿದಂಗ.
ವಿದ್ಯಾನಗರದ ಹಾಸ್ಟೆಲ್ಲಿನಾಕಿಗೆ ಪ್ಯಾಡಿಂದು ಬೇಕು.
ಆಕಿ ಹಿಂದ ನಿಂತ ಬ್ಯಾಂಕಿನಾಕಿ
‘ಸಣ್ಣ ಕಾಣೂವಂಗ ಬಿಗಿಯೂದು ಕೊಡು,
ನನ್ನ ಕೌಂಟರಿಗೆ ಬಂದ ಗಂಡಸರು
ರೊಕ್ಕಾ ಎಣಿಸೂದು ಮರೀತಾರ.’
ಒಬ್ಬಾಕೀದು ಇನ್ನೊಬ್ಬಾಕಿಗೆ ಹಂಚೂವಂಗಿದ್ದರ
ಇಬ್ಬರೂ ಹಗರಾಗಿ ಮನಿಗೆ ಹೋಗತಿದ್ರು.
ನಾ ಇಬ್ಬರಿಗೂ ಬಿಲ್ ಮಾಡ್ತೀನಿ.
ಪೇಪರಿನ್ಯಾಗ ಸುತ್ತಿ, ಅದರ ಮ್ಯಾಲ ಕರೇ ಚೀಲ.

ನನಗ ಇಪ್ಪತ್ನಾಕು.
ಹೋದ ಬ್ಯಾಸಗ್ಯಾಗ ನೋಡಾಕ ಬಂದಿದ್ರು, ಅಣ್ಣಿಗೇರಿಯವರು.
ಅವಲಕ್ಕಿ ತಿಂದ್ರು, ಚಹಾ ಕುಡದ್ರು.
ಚಪ್ಪಲ ಮೆಟ್ಟೂವಾಗ ಹುಡುಗನ ಅತ್ತಿಗಿ ಅಂದದ್ದು
ಕಿಡಕ್ಯಾಗಿಂದ ಒಳಗ ಬಂತು:
‘ಹುಡುಗಿ ಛಲೋ ಐತಿ. ಖರೇ, ಗ್ವಾಡಿ ಇದ್ದಂಗ ಐತಿ.’
ಅವತ್ತಿಂದ ಅವ್ವ, ಬಾಣಂತಿಗೆ ಮಾಡಿದಂಗ,
ಅಂಟಿನುಂಡಿ ಕಟ್ಟಾಕ ಹತ್ಯಾಳ. ಮೆಂತೇದ ಹಿಟ್ಟು ಬ್ಯಾರೆ.
ನಾಕು ತಿಂಗಳಾತು.
ಕೊಬ್ಬರಿ, ಉತ್ತತ್ತಿ, ಅಂಟು,
ಎಲ್ಲಾ ಹೋಗಿ ಸೇರಿದ್ದು ಗಲ್ಲಕ್ಕ.

ಇವತ್ತ ಮಧ್ಯಾನ, ಗಿರಾಕಿ ಇಲ್ಲದ ಹೊತ್ತು,
ಕೊತ್ತಂಬರಿ ಮಾರೂ ಫಕೀರವ್ವ
ಬುಟ್ಟಿ ಬಾಗಲದಾಗ ಇಳಿಸಿ ಒಳಗ ಬಂದ್ಲು.
‘ಸೈಜ್ ಎಷ್ಟ ಬೇ?’
‘ನನಗೇನ ಗೊತ್ತವ್ವಾ?
ಐನೂರರ ನೋಟು, ನಾಕು ಮಡಿಕಿ, ಅಂಥಾವು ಆರು ಹಿಡೀಬೇಕು.
ಎಡಕ್ಕ ಬಡ್ಡಿಯವಂದು, ಬಲಕ್ಕ ನಂದು.
ಬಗ್ಗಿದರ ಬೀಳಬಾರದು, ಅಷ್ಟ.’
ಬಳಿ ಅಂಗಡಿಯಾವ ಹೊರಳಿ ನೋಡೂವಂಗ ಅಂದ್ಲು.
ಹೋಗೂವಾಗ ತಲಿ ಇಲ್ಲದಾಕಿ ಎದಿಗೆ
ಬೆರಳಲೆ ಬಡದು ನೋಡಿದ್ಲು. ಟಕ್, ಟಕ್.
‘ಯವ್ವಾ, ಇದು ಟೊಳ್ಳ ಐತಲ್ಲs!’

ರಾತ್ರಿ ಶಟರ್ ಎಳದು, ಪಗಾರ ಎಣಿಸಿ,
ನಾನೂ ಒಂದು ನೋಟು ನಾಕು ಮಡಿಕಿ ಮಾಡಿ ಇಟ್ಟೆ.
ಹಳೇ ಬಸ್ ಸ್ಟ್ಯಾಂಡ್ ತನಕಾ ಇತ್ತು.
ಬಸ್ ಹತ್ತೂವಾಗ ಸರ್‍ರನೆ ಜಾರಿ
ಹೊಟ್ಟಿ ಮ್ಯಾಲ ಬಂದು ಕುಂತಿತು.
ತಗ್ಯಾಕ ಬರೂವಂಗಿಲ್ಲ, ಅಷ್ಟು ಮಂದಿ.
ಕಚಗುಳಿ ಆಗಿ ಒಬ್ಬಾಕೀನ ನಕ್ಕೆ,
ಮಗ್ಗಲಿನ ಮುದುಕಿ ಜರಗಿ ಕುಂತ್ಲು.

ಮನಿ ಬಾಗಲದಾಗ ಅವ್ವ, ಕೈಯಾಗ ಉಂಡಿ.
ತಿಂದೆ.
ತುಪ್ಪ ಛಲೋ ಬಿದ್ದಿತ್ತು, ಗಸಗಸಿ ಹಲ್ಲಿಗೆ ಸಿಗತಿತ್ತು.
ಇನ್ನೊಂದು ಕೊಡು ಅಂದೆ.