ಬಾಯಿ ಕೂಡದ ಬಳೆ

ಶಿರಿಯ ಅಳಿವೆಯ ಬದಿಗೆ ಶೀಟಿನ ಶೆಡ್ಡು.
ಹಲಗೆಯ ಮೇಲೆ ಹಳೆಯ ಮುಂಡು ಹಾಸಿ
ದೂಮಪ್ಪಣ್ಣನ ದೋಣಿಯ ಎಂಜಿನ್ನು,
ಬಿಚ್ಚಿದ ಕ್ರಮದಲ್ಲೇ ಸಾಲಾಗಿ:
ನಟ್ಟು, ವಾಶರು, ಕಣ್ಣು ತಪ್ಪಿದರೆ ಮರಳಿಗೆ ಹಾರುವ
ಒಂದು ಪುಟ್ಟ ಲಾಕು.

ಪೊಡಿಯಬ್ಬಾಕ ಹೊಸ ರಿಂಗನ್ನು ಬರಿದೇ ಸಿಲಿಂಡರಿಗಿಳಿಸಿ
ಪಿಸ್ಟನ್ನಿನ ತಲೆಯಿಂದಲೇ ತಳ್ಳಿ ನೇರ ಮಾಡಿ
ಬಾಯಿಯ ಸಂದಿಗೆ ತೆಳು ತಗಡು ತೂರಿಸುತ್ತಾರೆ.
ತೂರದು.
'ಪೋರ.'
ಅರದಲ್ಲಿ ಎರಡೇ ಎಳೆತ. ಮತ್ತೆ ಇಳಿಸಿ, 'ಪೋರ.'
ಬಾಯಿ ಕೂಡಿದರೆ ಬಿಸಿಗೆ ಹಿಗ್ಗಲು ಜಾಗವಿಲ್ಲದೆ
ನಡುಗಡಲಲ್ಲಿ ಕಚ್ಚಿ ನಿಲ್ಲುತ್ತದಂತೆ;
ಸಂದು ಹೆಚ್ಚಾದರೋ ಉಸಿರೆಲ್ಲ ಸೋರಿ
ಹಗ್ಗ ಎಳೆದೆಳೆದು ತೋಳು ಬೀಳುತ್ತದಂತೆ.
'ಯಾವು,' ಅಂದರು ಕೊನೆಗೆ, ತುಳುವಿನಲ್ಲಿ.
ಸಾಲದು ಎನ್ನುವುದು ಒಂದು ಭಾಷೆ, ಸಾಕು ಎನ್ನುವುದು ಇನ್ನೊಂದು;
ನನಗೆ ಬೈಯುವುದು ಮಾತ್ರ ಕನ್ನಡದಲ್ಲಿ,
ಕನ್ನಡ ಶಾಲೆಯ ಹುಡುಗ, ಪೂರ್ತಿ ಅರ್ಥವಾಗಲಿ ಅಂತ.

ಎರಡನೆಯದನ್ನು ನನ್ನ ಕೈಗೆ ಕೊಟ್ಟರು.
'ಹೆಬ್ಬೆರಳಲ್ಲಿ ಬಾಯಿ ಅಗಲಿಸು, ಬೇಕಾದಷ್ಟೇ.
ಬಳೆಗಾರ ಹಿಂಡುವುದು ಕೈಯನ್ನು.
ಇಲ್ಲಿ ಕೈ ಗಟ್ಟಿ, ಬಳೆಯೇ ಬಗ್ಗಬೇಕು.'
ಬಗ್ಗಿತು. ಇನ್ನೊಂದು ಚೂರು.
ಟಿಕ್.

ದೂಮಪ್ಪಣ್ಣ ಬೀಡಿ ತೆಗೆದು ನೋಡಿದ್ದು ನನ್ನನ್ನಲ್ಲ, ಕಡಲನ್ನು.
ಸೋಣದ ಮೊದಲ ತಿಳಿ.
ಇನ್ನೊಂದು ಸೆಟ್ಟಿಗೆ ಮಂಗಳೂರಿಗೇ ಹೋಗಬೇಕು,
ಬಸ್ಸು, ತಲಪಾಡಿ, ಬಂದರು, ಮತ್ತೆ ಬಸ್ಸು.
ಪೊಡಿಯಬ್ಬಾಕ ಯಾವ ಭಾಷೆಯಲ್ಲೂ ಬೈಯಲಿಲ್ಲ.
ಮುರಿದ ತುಂಡನ್ನು ಕಲ್ಲಿಗುಜ್ಜಿ ತುದಿ ಚೂಪು ಮಾಡಿ
'ತೋಡಿನ ಕರಿ ಕೆರೆ. ಸರಿಯಾಗಿ ಅದರದೇ ದಪ್ಪದ ಉಳಿ
ಅಂಗಡಿಯಲ್ಲಿ ಸಿಗುವುದಿಲ್ಲ.'
ಅವರು ಬಸ್ಸು ಹತ್ತಿದರು. ನಾನು ಕೆರೆದೆ.
ಸುಟ್ಟ ಎಣ್ಣೆ, ಯಾವುದೋ ವರ್ಷದ ಬೂತಾಯಿ ಸುಗ್ಗಿಯ ಹೊಗೆ,
ಉಗುರಿನ ಸಂದಿಯಲ್ಲಿ ಎರಡು ವಾರ ಉಳಿಯಿತು.
ಆ ತುಂಡು ಇನ್ನೂ ನನ್ನ ಡಬ್ಬಿಯಲ್ಲಿದೆ.

ಮುಸ್ಸಂಜೆ, ಟಾರ್ಚಿನ ಬೆಳಕು.
ಎರಡೂ ಬಾಯಿ ತಂತಮ್ಮ ಮೊಳೆಗೆ ಕೂತು,
ಬಾಣದ ಗುರುತು ಹೊಗೆಯ ದಾರಿಗೆ ತಿರುಗಿ,
ಎಣ್ಣೆ ಬೆರಳು ನಾಲ್ಕು, ಅವರದೆರಡು ನನ್ನದೆರಡು,
ಒತ್ತಿ ಹಿಡಿದಂತೆ ಸಿಲಿಂಡರು ಇಳಿಯಿತು
ಸದ್ದೇ ಇಲ್ಲದೆ.

'ಹತ್ತು ತಾಸು ಅರ್ಧಕ್ಕಿಂತ ತಿರುಗಿಸಬೇಡ ದೂಮಪ್ಪ,
ಒಂದಕ್ಕೊಂದು ಒಗ್ಗಬೇಕು.'
'ಅಂದಂದ್' ಅಂದ.
ಅಳಿವೆ ದಾಟುವವರೆಗೆ ಮೆಲ್ಲಗೇ ಹೋದ.
ಆಮೇಲೆ ಕತ್ತಲಲ್ಲಿ ಪೂರಾ ತೆರೆದದ್ದು ಕೇಳಿಸಿತು.
ಅರ ಒರೆಸುತ್ತಿದ್ದ ಪೊಡಿಯಬ್ಬಾಕ ಕೈ ನಿಲ್ಲಿಸಿದರು,
ಸದ್ದು ಸಣ್ಣಗಾಗಿ, ಸಣ್ಣಗಾಗಿ,
ಕಡಲಿನದ್ದು ಯಾವುದು ಎಂಜಿನ್ನಿನದ್ದು ಯಾವುದು
ಗೊತ್ತಾಗದಷ್ಟು ಆದಮೇಲೆ
ಮತ್ತೆ ಒರೆಸತೊಡಗಿದರು.