ಹಲಗಿಯ ಅಳತೆ

ಮಣ್ಣನ್ನು ಮೊದಲು ನಾಲಿಗೆಗಿಟ್ಟು ನೋಡಬೇಕು.
ಉಸ್ತಾದ್ ಮುನೀರೋದ್ದೀನ್ ಕಲಿಸಿದ ಮೊದಲ ಪಾಠ ಅದು.
ಬೀದರ ಕೋಟೆಯೊಳಗೆ ಮಳೆ ಬಿಸಿಲು ಮುಟ್ಟದ ಮೂಲೆಯಿಂದ
ಚೀಲದಲ್ಲಿ ತಂದ ಮಣ್ಣು;
ಚಿಟಿಕೆ ತೆಗೆದು, ಕಣ್ಣು ಮುಚ್ಚಿ ಚಪ್ಪರಿಸಿ,
"ಇದಲ್ಲ ಬೇಟಿ, ಇದಕ್ಕ ಇನ್ನಾ ಖಾರ ಏರಿಲ್ಲ" ಅನ್ನುತ್ತಿದ್ದರು.

ಭಾನುವಾರ ಅದೇ ನಾಲಿಗೆಯ ಮೇಲೆ
ಪ್ರಭುಭೋಜನದ ರೊಟ್ಟಿಚೂರು ಕರಗುವಾಗ
ಶುಕ್ರವಾರದ ಕೋಟೆ ಇನ್ನೂ ಹಲ್ಲಿನ ಸಂದಿಯಲ್ಲಿತ್ತು.
ಪಾಪವೋ ಅಲ್ಲವೋ, ಯಾರನ್ನೂ ಕೇಳಲಿಲ್ಲ.

ಹೈದರಾಬಾದಿನ ಗ್ಯಾಲರಿಯಲ್ಲಿ ಕೇಳಿದರು:
"ದೊರ್ಕಾ ಜಕ್ರಪ್ಪ, ನೀವು ಕ್ರೈಸ್ತ ಕಲಾವಿದೆಯೇ?"
ಅಚ್ಚು ಒಡೆದ ದಿನ ನಾನು ಯಾವ ಕಲಾವಿದೆಯೂ ಅಲ್ಲ,
ಬೆರಳು ಸುಟ್ಟುಕೊಂಡ ಹೆಂಗಸು.
ಅದನ್ನು ಹೇಳಲಿಲ್ಲ. ಹೌದ್ರಿ ಅಂದೆ.
ಚಹಾ ತಣ್ಣಗಾಗಿತ್ತು.

ಆಮೇಲೆ ಚರ್ಚಿನ ಕಮಿಟಿ ಕರೆಯಿತು.
ಪ್ರಭುಭೋಜನಕ್ಕೊಂದು ಬಿದರಿ ತಟ್ಟೆ.
ನಡುವೆ ಶಿಲುಬೆ, ಸುತ್ತ ದ್ರಾಕ್ಷಿಬಳ್ಳಿ.
"ಅಳತಿ ನಿನಗ ಬಿಟ್ಟಿದ್ದು" ಅಂದರು ಸಿಮಿಯೋನಪ್ಪ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಅಳತೆ.

ಅಜ್ಜ ಜಕ್ರಪ್ಪ, ಆಗಿನ್ನೂ ಜಕ್ಕಪ್ಪ,
ಭಾಲ್ಕಿ ಕಡೆಯ ಊರಲ್ಲಿ ಹಲಗಿ ಬಾರಿಸುತ್ತಿದ್ದ.
ಹೆಣದ ಮುಂದೆ, ಮದುಮಗನ ಮುಂದೆ,
ಗೌಡನ ಹೊಸ ಎತ್ತಿನ ಮುಂದೆ.
ತಲೆಗೆ ದೀಕ್ಷೆಯ ನೀರು ಬಿದ್ದ ದಿನ
ಮಿಷನ್ ಸಾಹೇಬರು "ಇನ್ನು ಇದು ಬೇಡ" ಅಂದರಂತೆ.
ಅವನೂ ಬೇಡ ಅಂದನಂತೆ.
ಎರಡು ಬೇಡಗಳೂ ಒಂದೇ ಅಲ್ಲ.
ಸಾಹೇಬರಿಗೆ ಬೇಡವಾದದ್ದು ದೆವ್ವ,
ಅಜ್ಜನಿಗೆ ಬೇಡವಾದದ್ದು
ಕರೆದಾಗೆಲ್ಲ ಓಡಬೇಕಿದ್ದ ಕಾಲು.

ಹಲಗಿ ಮೊಳೆಗೇರಿತು. ಚರ್ಮ ಇಲಿಗಳ ಪಾಲಾಯಿತು.
ಉಳಿದ ಕಟ್ಟಿಗೆಯ ಬಳೆಯೊಳಗೆ ಅಜ್ಜಿ
ಬಿಸಿ ಸಾರಿನ ಗಡಿಗೆ ಕೂರಿಸುತ್ತಿದ್ದಳು.
ಆದರೂ ಸಂಜೆ ಕೀರ್ತನೆಗೆ ಕೂತಾಗ
ಅಜ್ಜನ ಎಡಗೈ ಬೆರಳು
ಬೈಬಲಿನ ರಟ್ಟಿನ ಮೇಲೆ ತಮ್ಮ ಪಾಡಿಗೆ ನಡೆಯುತ್ತಿದ್ದವು,
ಅಜ್ಜಿ ತಿರುಗಿ ನೋಡುವವರೆಗೆ.

ಆ ಬಳೆ ಇಟ್ಟೇ ಗೆರೆ ಎಳೆದೆ.
ಸತು ಕಾಯಿಸಿ, ತಾಮ್ರ ಕೂಡಿಸಿ, ಎರಕ ಹೊಯ್ದೆ.
ಮೈಲುತುತ್ತ ಹಚ್ಚಿದ ಮೈಮೇಲೆ
ದ್ರಾಕ್ಷಿ ಕೈಗೆ ಬರಲೇ ಇಲ್ಲ.
ಉಳಿ ಹಿಡಿದರೆ ತೊಗರಿಯ ಹೂವು.
ಮೂರು ಸಲ ಅರದಿಂದ ಉಜ್ಜಿ ಅಳಿಸಿದೆ,
ನಾಲ್ಕನೆಯ ಸಲ ಬಿಟ್ಟುಬಿಟ್ಟೆ.
ಶಿಲುಬೆಯ ಒಂದು ತೋಳಿಗೆ ಬೆಳ್ಳಿ ಸಾಲಲಿಲ್ಲ.
ಕೊರೆದ ಗೆರೆ ಬಾಯಿ ತೆರೆದು ಹಾಗೇ ಉಳಿಯಿತು.

ಹಲಗಿಯನ್ನು ಹುಲ್ಲಿನ ಬೆಂಕಿಗೆ ಹಿಡಿಯುವಂತೆ
ತಟ್ಟೆ ಕಾಸಿ, ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದೆ.
ಸತು ಕಪ್ಪಾಯಿತು, ಬೆಳ್ಳಿ ಆಗಲಿಲ್ಲ.
ಇದರಲ್ಲಿ ಉಪದೇಶ ಹುಡುಕಬೇಡಿ.
ಉಸ್ತಾದರ ಮನೆಯಲ್ಲಿ ಐದು ತಲೆಮಾರಿನಿಂದ ಹೀಗೇ ಆಗುತ್ತಿದೆ.

ಸಿಮಿಯೋನಪ್ಪ ಕನ್ನಡಕ ಏರಿಸಿದರು:
"ಭಾಳ ಕರ್ರಗಾಗ್ಯದಲ್ಲವ್ವ. ದ್ರಾಕ್ಷಿ ಎಲ್ಲ್ಯದ?"
"ಅದು ತೊಗರಿ ಹೂವ್ರಿ."
"ಯೇಸುಸ್ವಾಮಿ ತೊಗರಿ ಬಗ್ಗೆ ಏನರ ಹೇಳ್ಯಾನೇನು?"
"ಈ ಕಡೆ ಬಂದಿದ್ರ ಹೇಳ್ತಿದ್ದ."
ಹಿಂದೆ ಯಾರೋ ನಕ್ಕರು. ಅವರು ನಗಲಿಲ್ಲ.
ಅರ್ಧ ಹಣ ಕೊಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಶುಭಶುಕ್ರವಾರದ ಹಿಂದಿನ ರಾತ್ರಿ ಕರೆಂಟು ಹೋಯಿತು.
ಜನ ಹೆಚ್ಚು, ತಟ್ಟೆ ಸಾಲದೆ
ಮೇಣದಬತ್ತಿ ಹಿಡಿದು ಬೀರು ತೆರೆದರು.
ರೊಟ್ಟಿ ಹಂಚಿ ಮುಗಿದು
ಪಾಸ್ಟರರ ಪ್ರಾರ್ಥನೆ ಉದ್ದವಾಗುತ್ತ ಹೋದಾಗ
ಖಾಲಿ ತಟ್ಟೆಯನ್ನು ಎದೆಗೊತ್ತಿ ನಿಂತಿದ್ದ ಸಿಮಿಯೋನಪ್ಪನವರ
ಎಡಗೈ ಬೆರಳು
ತಟ್ಟೆಯ ಬೆನ್ನಿಗೆ ಮೆಲ್ಲಗೆ
ಟಕ್. ಟಕಟಕ್. ಟಕ್.

ಅವರಿಗೆ ಗೊತ್ತಾಗಲಿಲ್ಲ.
ನಾನು ತಲೆ ಎತ್ತಲಿಲ್ಲ.

ಅದು ಮದುವೆಯ ಪೆಟ್ಟೋ ಹೆಣದ ಪೆಟ್ಟೋ,
ಅಜ್ಜ ನನಗೆ ಹೇಳಿಕೊಟ್ಟಿರಲಿಲ್ಲ.